ಸಾಲು ರಜೆಯ ಲೆಕ್ಕ

ಹೊಸ ಕ್ಯಾಲೆಂಡರ್ ಬಂದ ಕೂಡಲೇ ಬೆಂಗಳೂರಿನ ಕಚೇರಿಗಳಲ್ಲಿ ಜನ ಮೊದಲು ಹುಡುಕುವುದು ಗುರುವಾರ, ಮಂಗಳವಾರ ಬಿದ್ದ ಹಬ್ಬಗಳನ್ನು. 2025ರಲ್ಲಿ ಆಯುಧಪೂಜೆ ಅಕ್ಟೋಬರ್ 1ರ ಬುಧವಾರ ಬಂತು, ವಿಜಯದಶಮಿ ಮತ್ತು ಗಾಂಧಿ ಜಯಂತಿ ಎರಡೂ ಮರುದಿನ ಗುರುವಾರವೇ ಬಂದವು. ಶುಕ್ರವಾರ ಒಂದೇ ಒಂದು ರಜೆ ಹಾಕಿದವರಿಗೆ ಐದು ದಿನ ಕೈಗೆ ಸಿಕ್ಕಿತು. ಇರುವ ರಜೆಯನ್ನು ಹೀಗೆ ಹಿಗ್ಗಿಸಿ ಪ್ರವಾಸ ಹೋಗುವುದು ಈಗ ರೂಢಿಯಾಗಿಬಿಟ್ಟಿದೆ.

ಈ ಜಾಣತನವನ್ನು ನಾನು ಹಗುರವಾಗಿ ಕಾಣಲಾರೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ 20 ದಿನ ದುಡಿದರೆ ಒಂದು ದಿನದ ಸಂಬಳಸಹಿತ ಗಳಿಕೆ ರಜೆ. ಊರ ಜಾತ್ರೆ, ನೆಂಟರ ಮದುವೆ, ಮಗುವಿನ ಜ್ವರ ಎಲ್ಲವೂ ಅದರಲ್ಲೇ ಕಳೆಯಬೇಕು. ಉಳಿದ ನಾಲ್ಕಾರು ದಿನಗಳಲ್ಲಿ ಒಂದಿಷ್ಟು ನಾಡು ನೋಡಬೇಕೆಂಬ ಆಸೆ ನ್ಯಾಯವಾದದ್ದು. ಮೇಲಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲದೆ, ವರ್ಷದ ಆರಂಭದಲ್ಲೇ ತನ್ನ ದಿನಗಳನ್ನು ಗುರುತು ಹಾಕಿಕೊಳ್ಳುವ ಧೈರ್ಯವನ್ನು ಈ ರೂಢಿ ದುಡಿಯುವವರಿಗೆ ಕೊಟ್ಟಿದೆ.

ಆದರೆ ಈ ಲೆಕ್ಕ ದಿನಗಳನ್ನು ಎಣಿಸುತ್ತದೆ, ಗಂಟೆಗಳನ್ನು ಬಿಟ್ಟುಬಿಡುತ್ತದೆ. ಕೂಡುವುದು ಕಳೆಯುವುದು ಎಲ್ಲರಿಗೂ ಒಂದೇ ಆದ್ದರಿಂದ ಎಲ್ಲರಿಗೂ ಬರುವ ಉತ್ತರವೂ ಒಂದೇ: ಗುರುವಾರ ಬೆಳಗ್ಗೆ ಹೊರಡು, ಭಾನುವಾರ ರಾತ್ರಿ ಮರಳು. ನೆಲಮಂಗಲದ ಟೋಲ್ ದಾಟುವಷ್ಟರಲ್ಲೇ ಮೊದಲ ದಿನದ ಹುರುಪು ಅರ್ಧ ಇಳಿದಿರುತ್ತದೆ. ಬೇರೆ ದಿನಗಳಲ್ಲಿ ಐದಾರು ತಾಸಿನಲ್ಲಿ ಮುಗಿಯುವ ಚಿಕ್ಕಮಗಳೂರಿನ ದಾರಿ ಆ ದಿನ ಎಷ್ಟು ಹೊತ್ತು ತಿನ್ನುತ್ತದೆಂದು ಮೊದಲೇ ಹೇಳಲಾಗದು. ಖಾಸಗಿ ಬಸ್ಸಿನ ದರ ಏರಿರುತ್ತದೆ, ಹೋಂಸ್ಟೇ ಬಾಡಿಗೆಯೂ ಏರಿರುತ್ತದೆ. ರೈಲಿನಲ್ಲಿ ಹೋಗೋಣವೆಂದರೆ ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಕ್ಕೆ ಇಳಿದಿದೆ. ಜನವರಿಯಲ್ಲೇ ಯೋಜನೆ ಮಾಡಿಟ್ಟವರೂ ಕೊನೆಗೆ ಬೆಳಗ್ಗೆ ಎಂಟು ಗಂಟೆಯ ಪೈಪೋಟಿಗೇ ಬರಬೇಕು.

ಇದರ ಅತಿರೇಕ ಕಂಡದ್ದು 2024ರ ಜನವರಿ 26ರ ವಾರಾಂತ್ಯದಲ್ಲಿ. ಗಣರಾಜ್ಯೋತ್ಸವ ಶುಕ್ರವಾರ ಬಿದ್ದಿತ್ತು. ಕುಮಾರಪರ್ವತದ ಬುಡದಲ್ಲಿ ಸೇರಿದ ಜನಜಂಗುಳಿಯ ಚಿತ್ರಗಳನ್ನು ನಾಡೇ ನೋಡಿತು. ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿತು, ಆಮೇಲೆ ಒಂದು ಚಾರಣಪಥಕ್ಕೆ ದಿನಕ್ಕೆ 300 ಜನರ ಮಿತಿ ಬಂತು. ಕಾಡನ್ನು ನೋಡಿದರೆ ಈ ಮಿತಿ ಸರಿಯಾದದ್ದೇ. ಅಲ್ಲಿ ನಿಂತಿದ್ದ ಒಬ್ಬೊಬ್ಬರ ಲೆಕ್ಕದಲ್ಲಿ ಏನೂ ತಪ್ಪಿರಲಿಲ್ಲ, ಎಲ್ಲರೂ ಒಂದೇ ಹೊತ್ತಿಗೆ ಅದೇ ಲೆಕ್ಕ ಹಾಕಿದ್ದೇ ತೊಡಕಾಯಿತು.

ರಾತ್ರಿ ಬಸ್ಸಿನ ಉಪಾಯವನ್ನೂ ಇಲ್ಲಿ ತೂಗಿ ನೋಡಬೇಕು. ರಾತ್ರಿ ಹೊರಟು ಬೆಳಗ್ಗೆ ಇಳಿದರೆ ಒಂದು ದಿನದ ರಜೆ, ಒಂದು ರಾತ್ರಿಯ ಕೋಣೆ ಬಾಡಿಗೆ ಎರಡೂ ಉಳಿಯುತ್ತವೆ ಎನ್ನುತ್ತಾರೆ. ನಿದ್ದೆಗೆಟ್ಟ ಮೈಗೆ ಆ ಮೊದಲ ಹಗಲು ಯಾವ ಉಪಯೋಗಕ್ಕೆ ಬರುತ್ತದೆ? ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದ ರೈಲುದಾರಿಯಲ್ಲಿ 57 ಸುರಂಗಗಳಿವೆ. 2021ರಿಂದ ಆ ಮಾರ್ಗದ ಹಗಲು ರೈಲಿಗೆ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಗಳೂ ಬಂದವು. ಹಗಲಲ್ಲಿ ಅಲ್ಲಿ ಕೂತು ಹೋಗಲು ಕೊಟ್ಟ ರಜೆ ವ್ಯರ್ಥವೆಂದು ನನಗೆ ಅನಿಸುವುದಿಲ್ಲ. ಅದೇ ಘಟ್ಟವನ್ನು ಮುಚ್ಚಿದ ಪರದೆಯ ಹಿಂದೆ ಮಲಗಿಕೊಂಡು ದಾಟಿದವರು ರಜೆ ಉಳಿಸಿದರೂ ದಾರಿಯನ್ನು ಕಳೆದುಕೊಂಡರು.

ಕೈಯಲ್ಲಿ ಎರಡೇ ರಜೆ ಇದ್ದರೆ ಯಾವ ಹಬ್ಬವೂ ಇಲ್ಲದ ವಾರದ ಸೋಮವಾರ, ಮಂಗಳವಾರಕ್ಕೆ ಹಾಕಿ ಎಂಬುದು ನನ್ನ ಸಲಹೆ. ಶನಿವಾರ ಮನೆಯಲ್ಲಿ ಬಟ್ಟೆ ಒಗೆದು, ನಿದ್ದೆ ಮಾಡಿ, ಭಾನುವಾರ ನಸುಕಿನಲ್ಲಿ ಹೊರಡಿ; ಜನ ಊರಿಗೆ ವಾಪಸಾಗುವ ಹೊತ್ತಿಗೆ ನೀವು ಎದುರು ದಿಕ್ಕಿನಲ್ಲಿರುತ್ತೀರಿ. ರಜೆ ಎರಡು ಖರ್ಚಾಗುತ್ತದೆ, ನಿಜ. ಆದರೆ ಹಳೇಬೀಡಿನ ಹೊಯ್ಸಳೇಶ್ವರದ ಹೊರಗೋಡೆಯ ಪಟ್ಟಿಕೆಗಳನ್ನು ಯಾರ ಮೊಣಕೈಯೂ ತಾಗದೆ ಒಂದು ಸುತ್ತು ನೋಡಿ, ಮತ್ತೊಂದು ಸುತ್ತು ಬರುವಷ್ಟು ಸಮಯ ಸಿಗುತ್ತದೆ. ಹೊಯ್ಸಳ ದೇಗುಲಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಇಂಥ ಬಿಡುವಿಗೆ ಬೆಲೆ ಹೆಚ್ಚು. ಅಲ್ಲೇ ಹತ್ತಿರದ ಬೆಳವಾಡಿಯಲ್ಲಿ ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹರ ಮೂರು ಗರ್ಭಗುಡಿಗಳಿವೆ. ಎರಡು ದಿನದಲ್ಲಿ ಎಂಟು ಜಾಗ ಮುಗಿಸುವವರ ಪಟ್ಟಿಯಲ್ಲಿ ಬಿಟ್ಟುಹೋಗುವುದು ಇಂಥ ಊರುಗಳೇ.

ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಈ ಸಲಹೆ ಅಷ್ಟಾಗಿ ಒದಗುವುದಿಲ್ಲ ಎಂಬುದು ಗೊತ್ತು. ಗಂಡ ಒಂದು ಕಂಪನಿ, ಹೆಂಡತಿ ಇನ್ನೊಂದು, ಮಕ್ಕಳ ಪರೀಕ್ಷೆ ಬೇರೆ. ಮೂವರಿಗೂ ಒಟ್ಟಿಗೆ ಬಿಡುವಿರುವುದು ಸರ್ಕಾರಿ ರಜೆಯ ದಿನವೇ. ಆ ಮನೆಯವರನ್ನು ಗುಂಪು ಕಟ್ಟಿದರೆಂದು ದೂರುವುದು ಅನ್ಯಾಯ. ಅವರಿಗಾಗಿ ಬದಲಾಗಬೇಕಾದದ್ದು ಕಚೇರಿಗಳು: ಶಾಲೆಗಳ ದಸರಾ ರಜೆಯ ನಡುವಿನ ಸೋಮವಾರದಿಂದ ಬುಧವಾರದವರೆಗೆ ಪಾಳಿಯ ಮೇಲೆ ರಜೆ ಕೊಟ್ಟರೆ ಹಬ್ಬದ ವಾರಾಂತ್ಯದ ಒತ್ತಡ ಎಷ್ಟೋ ತಗ್ಗುತ್ತದೆ. ಪತ್ರಿಕೆಗಳು ಪ್ರತಿ ಡಿಸೆಂಬರ್‌ನಲ್ಲಿ ಸಾಲು ರಜೆಗಳ ಪಟ್ಟಿ ಅಚ್ಚು ಹಾಕುತ್ತವೆ. ಹಬ್ಬವಿಲ್ಲದ, ರಸ್ತೆ ಬಿಡುವಾಗಿರುವ ವಾರಗಳನ್ನೂ ಅದರ ಪಕ್ಕದಲ್ಲೇ ಗುರುತಿಸಿ ಕೊಡಲಿ.