ಜೆಟ್ ಸೆಟ್ ರೇಡಿಯೊ: ಪೂರ್ವೋತ್ತರ ಭಾಗಗಳ ತಾರತಮ್ಯ

ಉತ್ತರಕೃತಿಯು ಪೂರ್ವಕೃತಿಯ ದೋಷಗಳನ್ನು ನೀಗಿಸಹೊರಟು ಅದರ ಗುಣವನ್ನೇ ಕಳೆದುಕೊಳ್ಳುವುದುಂಟು. ಜಪಾನಿನ ಸೆಗಾ ಸಂಸ್ಥೆಯವರ ಎರಡು ವಿಡಿಯೊ ಆಟಗಳು ಇದಕ್ಕೆ ನಿದರ್ಶನವಾಗಿವೆ. ೨೦೦೦ನೆಯ ಇಸವಿಯಲ್ಲಿ ಡ್ರೀಮ್‌ಕಾಸ್ಟ್ ಯಂತ್ರಕ್ಕೆ ಹೊರಬಂದ ‘ಜೆಟ್ ಸೆಟ್ ರೇಡಿಯೊ’ ಮೊದಲನೆಯದು. ೨೦೦೨ರಲ್ಲಿ ಎಕ್ಸ್‌ಬಾಕ್ಸ್ ಯಂತ್ರಕ್ಕೆ ಬಂದ ‘ಜೆಟ್ ಸೆಟ್ ರೇಡಿಯೊ ಫ್ಯೂಚರ್’ ಎರಡನೆಯದು. ಗಾಲಿಪಾದುಕೆಗಳನ್ನು ತೊಟ್ಟ ತರುಣರು ಟೋಕಿಯೊ ನಗರದಲ್ಲಿ ಜಾರುತ್ತ ಗೋಡೆಗಳ ಮೇಲೆ ಬಣ್ಣದ ಬರಹಗಳನ್ನು ಬಿಡಿಸುವುದೇ ಎರಡರ ವಸ್ತು. ಕಪ್ಪು ರೇಖೆಗಳಿಂದಲೂ ಅಚ್ಚ ಬಣ್ಣಗಳಿಂದಲೂ ಕೈಯಲ್ಲಿ ಬರೆದ ಚಿತ್ರದಂತೆ ತೋರುವ ರೂಪವೂ, ಹಿಡೆಕಿ ನಾಗಾನುಮಾ ಅವರ ಸಂಗೀತವೂ ಎರಡಕ್ಕೂ ಭೂಷಣಗಳು.

ಭೇದವಿರುವುದು ಕ್ರಿಯೆಯಲ್ಲಿ. ಮೊದಲನೆಯದರಲ್ಲಿ ದೊಡ್ಡ ಬರಹಕ್ಕಾಗಿ ಆಟಗಾರನು ನಿಂತು, ಹಿಡಿಕೆಯನ್ನು ತೋರಿದ ದಿಕ್ಕುಗಳಿಗೆ ತಿರುಗಿಸಬೇಕು. ಅತ್ತ ಪೊಲೀಸರು ಬೆನ್ನಟ್ಟುವರು, ಇತ್ತ ಕಾಲಾವಧಿಯು ಮುಗಿಯುತ್ತ ಬರುವುದು. ಎರಡನೆಯದರಲ್ಲಿ ಆ ಗಡುವಿಲ್ಲ. ಪೊಲೀಸರು ನಿಯತ ಸ್ಥಳಗಳಲ್ಲಿ ಮಾತ್ರ ಎದುರಾಗುವರು. ಗುಂಡಿಯನ್ನೊತ್ತುತ್ತ ಸಾಗಿದರೆ ಓಟದಲ್ಲಿಯೇ ಬರಹವು ಮುಗಿಯುವುದು. ಬೀದಿಗಳು ವಿಶಾಲವಾದುವು, ಕಂಬಿಗಳ ಮೇಲಣ ಜಾರಾಟವು ಅವಿಚ್ಛಿನ್ನವಾಯಿತು. ಗತಿಸೌಂದರ್ಯದಲ್ಲಿ ಉತ್ತರಭಾಗವೇ ಮೇಲೆಂಬುದು ನಿರ್ವಿವಾದ.

ಆದರೆ ಗೋಡೆಬರಹವು ಆ ನಗರದಲ್ಲಿ ನಿಷಿದ್ಧಕರ್ಮ. ಸಿಕ್ಕಿಬೀಳುವ ಭಯವೇ ಅದರ ವಿಭಾವ. ವಿಭಾವವು ಕುಂದಿದರೆ ರಸವು ಪುಷ್ಟವಾಗುವುದೆಂತು? ಮೊದಲನೆಯದರಲ್ಲಿ ಒಂದೊಂದು ರೇಖೆಯೂ ಕಾಲದಿಂದ ಕದ್ದ ಕ್ಷಣದ ಫಲ. ಎರಡನೆಯದರಲ್ಲಿ ಅದು ದಾರಿಯ ಅಲಂಕಾರಮಾತ್ರ. ನಗರವಿಹಾರವನ್ನು ಬಯಸುವವರಿಗೆ ಎರಡನೆಯದು ಪ್ರಿಯವಾದೀತು. ಸಾಹಸದ ಸವಿಯನ್ನರಸುವ ರಸಿಕರಿಗಾದರೋ, ಒರಟಾದರೂ ಮೊದಲನೆಯದೇ ಗ್ರಾಹ್ಯ.