ಶರಾಫರ ಗುರುತು

ಬಿದನೂರು ನಗರದ ಟಂಕಸಾಲೆಯಲ್ಲಿ ಅಚ್ಚಾದ ಟಿಪ್ಪುವಿನ ಪಣಗಳ ಬಗ್ಗೆ ಈ ವಾರ ಬರೆಯುತ್ತೇನೆಂದು ಹೇಳಿದ್ದೆ. ಅವುಗಳ ಮೇಲಿನ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂಬುದು ತಿಳಿಯದೆ ತಪ್ಪು ವರ್ಷ ಬರೆದಿಟ್ಟುಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರು ಇನ್ನೊಂದು ವಾರ ತಾಳಿಕೊಳ್ಳಬೇಕು. ಸೊರಬದ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ಕಳ್ಳರು ನುಗ್ಗಿದ್ದಾರೆ. ಮನೆಮಂದಿಯೆಲ್ಲ ಮದುವೆಗೆ ಹೋಗಿದ್ದ ರಾತ್ರಿ ಹಿತ್ತಲ ಬಾಗಿಲು ಮೀಟಿದವರು, ಬೀರುವಿನೊಳಗಿದ್ದ ಗುಡಿಗಾರರ ಕೆತ್ತನೆಯ ಗಂಧದ ಪೆಟ್ಟಿಗೆಯನ್ನು ಇದ್ದಂತೆಯೇ ಎತ್ತಿಕೊಂಡು ಹೋಗಿದ್ದಾರೆ. ನೌಕರಿಯ ಕಾಲದುದ್ದಕ್ಕೂ ಅವರು ಕೂಡಿಟ್ಟದ್ದೆಲ್ಲ ಅದರಲ್ಲಿತ್ತು: ಇಕ್ಕೇರಿ ವರಹ, ಹೈದರನ ಹೊನ್ನು, ಟಿಪ್ಪುವಿನ ಆನೆ ಕಾಸು, ಮುಮ್ಮಡಿ ಕೃಷ್ಣರಾಜರ ಮಯಿಲಿ ಕಾಸು.

ಠಾಣೆಯಲ್ಲಿ ಅವರನ್ನು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. “ಮೇಷ್ಟ್ರೇ, ನಾಳೆ ಮಾಲು ಸಿಕ್ಕಿದ್ರೆ ಇದು ನಿಮ್ದೇ ಅಂತ ಹ್ಯಾಗೆ ಹೇಳ್ತೀರಿ?” ಅವರು ಹೇಳಿದ್ದು ಇಷ್ಟೆ: “ನೋಡಿದ್ರೆ ಗೊತ್ತಾಗ್ತದೆ ಸ್ವಾಮಿ.” ಗೊತ್ತಾಗುತ್ತದೆ ನಿಜ. ನಾಲ್ಕು ದಶಕ ಕೈಯಲ್ಲಿ ಹಿಡಿದ ನಾಣ್ಯವನ್ನು ಕತ್ತಲೆಯಲ್ಲಿ ಸವರಿದರೂ ಗುರುತು ಹತ್ತುತ್ತದೆ. ಆದರೆ ದೂರಿನಲ್ಲಿ ಬರೆಯುವುದಕ್ಕೆ ಅವರ ಬಳಿ ಪಟ್ಟಿ ಇರಲಿಲ್ಲ, ಫೋಟೊ ಇರಲಿಲ್ಲ, ತೂಕ ಇರಲಿಲ್ಲ. ‘ಹಳೆಯ ಕಾಲದ ಚಿನ್ನದ ಹಾಗೂ ತಾಮ್ರದ ನಾಣ್ಯಗಳು’ ಎಂದು ಒಂದೇ ಸಾಲು ಬರೆಸಿ ಬಂದರು.

ಆ ಒಂದು ಸಾಲಿಗೆ ಕಾರಣವಾದ ಪಂಥವೊಂದು ನಮ್ಮ ನಾಣ್ಯಪ್ರಿಯರಲ್ಲಿದೆ. ಅದರ ಮೇಲೆ ನನ್ನ ತಕರಾರು ಹಳೆಯದು. ಸಂಗ್ರಹ ಮಾಡಿದ್ದು ಹೆಂಡತಿಗೂ ಗೊತ್ತಾಗಬಾರದು, ಬರೆದಿಟ್ಟರೆ ಯಾರದೋ ಕಣ್ಣು ಬೀಳುತ್ತದೆ, ಪಟ್ಟಿ ಎಂದರೆ ಕಳ್ಳನಿಗೆ ಕೊಟ್ಟ ವಿಳಾಸ ಎನ್ನುವ ಗುಟ್ಟಿನ ಪಂಥ. ಸರ್ಕಾರದವರು ಬಂದು ಕಿತ್ತುಕೊಳ್ಳುತ್ತಾರೆಂಬ ಹೆದರಿಕೆಯೂ ಇದರ ಜೊತೆಗಿದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪ್ರಾಚ್ಯವಸ್ತು, ಅದನ್ನು ದೇಶದಿಂದ ಹೊರಕ್ಕೆ ಸಾಗಿಸುವಂತಿಲ್ಲ. ಆದರೆ ನ್ಯಾಯವಾಗಿ ಕೊಂಡದ್ದನ್ನು, ತಾತನಿಂದ ಬಂದದ್ದನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವಲ್ಲ. ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕ ನಿಧಿಯ ಮಾತು ಬೇರೆ, ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಈ ಎರಡನ್ನೂ ಒಂದೇ ಎಂದು ಬಗೆದು, ನ್ಯಾಯವಾದ ಸಂಗ್ರಹವನ್ನೂ ಕದ್ದ ಮಾಲಿನಂತೆ ಬಚ್ಚಿಟ್ಟುಕೊಂಡ ಮೇಲೆ, ಅದು ನಿಜವಾಗಿ ಕಳುವಾದ ದಿನ ನಮ್ಮ ಪರವಾಗಿ ಸಾಕ್ಷಿ ಹೇಳಲು ಯಾರಿರುತ್ತಾರೆ?

ಗುಟ್ಟಿನವರ ಲೆಕ್ಕದಲ್ಲಿ ಇನ್ನೂ ದೊಡ್ಡ ತಪ್ಪೊಂದಿದೆ. ಕಳುವಾದ ಮೇಲೂ ಅವರು ಸುಮ್ಮನಿರುತ್ತಾರೆ, ಸುದ್ದಿ ಹಬ್ಬಿದರೆ ಮಾಲು ಕೈಗೆ ಸಿಗುವುದಿಲ್ಲ ಎಂದುಕೊಳ್ಳುತ್ತಾರೆ. ಆದರೆ ಚಿನ್ನದ ನಾಣ್ಯದ ದೊಡ್ಡ ಶತ್ರು ಕಳ್ಳನಿಗಿಂತ ಅಕ್ಕಸಾಲಿಗನ ಮೂಸೆ. ಇಕ್ಕೇರಿ ವರಹದಲ್ಲಿರುವುದು ಹೆಚ್ಚುಕಡಿಮೆ 3.4 ಗ್ರಾಂ ಚಿನ್ನ. ನಾಣ್ಯವಾಗಿ ಅದಕ್ಕೆ ಬರುವ ಬೆಲೆ ಚಿನ್ನದ ಬೆಲೆಗಿಂತ ಹೆಚ್ಚು. ಆ ಸಂಗತಿ ಕಳ್ಳನಿಗೂ ಅವನಿಂದ ಕೊಳ್ಳುವವನಿಗೂ ಗೊತ್ತಿಲ್ಲದಿದ್ದರೆ ವರಹ ಒಂದೇ ಗಳಿಗೆಯಲ್ಲಿ ಗಟ್ಟಿಯಾಗುತ್ತದೆ, ಗೊತ್ತಿದ್ದರೆ ಉಳಿಯುತ್ತದೆ. ಆದ್ದರಿಂದ ಮೊದಲ ದಿನವೇ ಶಿಕಾರಿಪುರ, ಸೊರಬ, ಆನವಟ್ಟಿ, ಸಾಗರ, ಶಿವಮೊಗ್ಗದ ಚಿನ್ನಬೆಳ್ಳಿ ಅಂಗಡಿಗಳಿಗೆ, ಗಿರವಿ ಅಂಗಡಿಗಳಿಗೆ, ನಾಣ್ಯ ವ್ಯಾಪಾರಿಗಳಿಗೆ, ಬೆಂಗಳೂರಿನ ನಾಣ್ಯ ಸಂಘಗಳಿಗೆ ಸುದ್ದಿ ಮುಟ್ಟಬೇಕು.

ಮೂಸೆಯ ಮಾತು ಉತ್ಪ್ರೇಕ್ಷೆಯಲ್ಲ. ಪ್ಯಾರಿಸ್ಸಿನ ರಾಜ ಗ್ರಂಥಾಲಯದ ನಾಣ್ಯಭಂಡಾರಕ್ಕೆ 1831ರ ನವೆಂಬರಿನಲ್ಲಿ ಕಳ್ಳರು ನುಗ್ಗಿದರು. ಎರಡು ಸಾವಿರಕ್ಕೂ ಹೆಚ್ಚು ಚಿನ್ನದ ವಸ್ತುಗಳು ಹೋದವು. ಒಂದಷ್ಟು ಸೀನ್ ನದಿಯಲ್ಲಿ ಸಿಕ್ಕವು, ಬಹುಪಾಲು ಅದಾಗಲೇ ಕರಗಿಹೋಗಿದ್ದವು. ಬರ್ಲಿನ್ನಿನ ಬೋಡೆ ಮ್ಯೂಸಿಯಮ್ಮಿನಿಂದ 2017ರ ಮಾರ್ಚ್ 27ರ ನಸುಕಿನಲ್ಲಿ 100 ಕಿಲೋ ತೂಕದ ಚಿನ್ನದ ನಾಣ್ಯವನ್ನೇ ಹೊತ್ತೊಯ್ದರು. ಕದ್ದವರಿಗೆ ಶಿಕ್ಷೆಯಾಯಿತು, ನಾಣ್ಯ ಸಿಗಲಿಲ್ಲ. ನಮ್ಮ ಜಿಲ್ಲೆಯಲ್ಲೇ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆಗೆ 2015ರ ನವೆಂಬರಿನಲ್ಲಿ ಕಳ್ಳರು ನುಗ್ಗಿ ಕುವೆಂಪು ಅವರ ಪದ್ಮ ಪ್ರಶಸ್ತಿ ಪದಕಗಳನ್ನು ಒಯ್ದದ್ದು ನಿಮಗೆ ನೆನಪಿರಬಹುದು. ಆ ಸುದ್ದಿ ಕೇಳಿದ ದಿನ ಮಲೆನಾಡಿನ ಮನೆಮನೆಯಲ್ಲೂ ಸೂತಕದ ಮೌನವಿತ್ತು. ಅದಕ್ಕೂ ಮೊದಲು, 2004ರ ಮಾರ್ಚ್‌ನಲ್ಲಿ, ಶಾಂತಿನಿಕೇತನದಿಂದ ರವೀಂದ್ರರ ನೊಬೆಲ್ ಪದಕ ಹೋಯಿತು. ಸಿಬಿಐ ತನಿಖೆ ನಡೆಸಿದರೂ ಸಿಗಲಿಲ್ಲ. ಸ್ವೀಡನ್ನಿನವರು ಚಿನ್ನದ್ದೊಂದು, ಕಂಚಿನದೊಂದು ಪ್ರತಿಕೃತಿ ಕೊಟ್ಟರು. ರವೀಂದ್ರರ ಕೈ ಸೋಕಿದ ಲೋಹ ಮಾತ್ರ ಬರಲಿಲ್ಲ.

ಹಾಗಾದರೆ ಹೋದದ್ದು ಬರುವುದೇ ಇಲ್ಲವೇ? ಬರುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ 1967ರ ಅಕ್ಟೋಬರಿನಲ್ಲಿ ಮುಸುಕು ಹಾಕಿದ ಬಂದೂಕುಧಾರಿಗಳು ವಿಲ್ಲಿಸ್ ಡುಪಾಂಟ್ ಎಂಬ ಶ್ರೀಮಂತನ ಮನೆಗೆ ನುಗ್ಗಿ ಸಾವಿರಾರು ನಾಣ್ಯಗಳನ್ನು ದೋಚಿದರು. ಅದರಲ್ಲಿದ್ದ ಬ್ರಾಶರ್ ಡಬ್ಲೂನ್ ಎಂಬ ಚಿನ್ನದ ನಾಣ್ಯ ಮರುವರ್ಷವೇ ಸಿಕ್ಕಿತು. 1804ರ ಬೆಳ್ಳಿ ಡಾಲರೊಂದು ಸಿಗಲು ಸುಮಾರು 15 ವರ್ಷ ಹಿಡಿಯಿತು. 1866ರ ಇನ್ನೊಂದು ಡಾಲರ್ 2004ರಲ್ಲಿ ಹೊರಬಂತು. ಮೂವತ್ತೇಳು ವರ್ಷದ ಮೇಲೂ ‘ಇದು ಅದೇ’ ಎಂದು ಹೇಳಲು ಸಾಧ್ಯವಾದದ್ದು ಆ ನಾಣ್ಯದ ಮೈಮೇಲಿನ ಒಂದೊಂದು ಗೀರನ್ನೂ ಹಿಂದಿನವರು ನೋಡಿ, ಚಿತ್ರ ತೆಗೆದು, ಬರೆದಿಟ್ಟಿದ್ದರಿಂದ.

ಗೀರಿನ ಮಾತು ಬಂದಿದ್ದರಿಂದ ಇನ್ನೊಂದು ಪಂಥವನ್ನೂ ಇಲ್ಲೇ ವಿಚಾರಿಸಿಕೊಳ್ಳುತ್ತೇನೆ. ನಾಣ್ಯಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜುವವರ ಜೊತೆ ಈ ಅಂಕಣದಲ್ಲಿ ಸಾಕಷ್ಟು ಜಗಳವಾಗಿದೆ. ಈಗ ಅವರ ಜಾಗಕ್ಕೆ ನಿಷ್ಕಳಂಕ ನಾಣ್ಯವೇ ಬೇಕೆನ್ನುವ ಹೂಡಿಕೆದಾರರು ಬಂದಿದ್ದಾರೆ. ಇವರಿಗೆ ಶರಾಫರ ಗುರುತು ಕಂಡರಾಗದು. ಹಿಂದೆ ಚಿನ್ನ ಅಪ್ಪಟವೋ ಅಲ್ಲವೋ ಎಂದು ಪರೀಕ್ಷಿಸಿದ ಶರಾಫ ತನ್ನ ಪುಟ್ಟ ಅಚ್ಚನ್ನು ನಾಣ್ಯದ ಮೇಲೆ ಒತ್ತುತ್ತಿದ್ದ. ಒಂದು ಚುಕ್ಕೆ, ಒಂದು ನಕ್ಷತ್ರ, ಒಂದು ಅರ್ಧಚಂದ್ರ. ಅದಿದ್ದರೆ ನಾಣ್ಯಕ್ಕೆ ಬೆಲೆ ಕಡಿಮೆ ಎಂದು ಮೂಗು ಮುರಿಯುತ್ತಾರೆ, ಅದಿಲ್ಲದ್ದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಹರು ಮಾಡಿಸಿ ಸಂಖ್ಯೆ ಹಾಕಿಸುತ್ತಾರೆ. ಸಂಖ್ಯೆಯಿಂದ ಅನುಕೂಲವಿದೆ, ಒಪ್ಪುತ್ತೇನೆ. ಆದರೆ ಡಬ್ಬಿಯನ್ನು ಕಲ್ಲಿನಿಂದ ಕುಟ್ಟಿದರೆ ಸಂಖ್ಯೆ ಹೋಯಿತು. ಶರಾಫನ ಗುರುತು ಹಾಗೆ ಹೋಗುವುದಿಲ್ಲ, ಅದು ನಾಣ್ಯದ ಮೈಯಲ್ಲೇ ಇದೆ.

ಒಂದು ಇಕ್ಕೇರಿ ವರಹವನ್ನು ಭೂತಗನ್ನಡಿಯಡಿ ಇಟ್ಟು ನೋಡಿ. ಕಿರುಬೆರಳ ಉಗುರಿನಷ್ಟು ಅಗಲ. ಒಂದು ಮಗ್ಗುಲಲ್ಲಿ ಶಿವಪಾರ್ವತಿಯರು ಕುಳಿತಿದ್ದಾರೆ, ಇನ್ನೊಂದರಲ್ಲಿ ಮೂರು ಸಾಲು ನಾಗರಿಯಲ್ಲಿ ‘ಶ್ರೀ ಸದಾಶಿವ’. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂದಿನ ಬರಹ ತೆಗೆದು, ಚುಕ್ಕೆಚುಕ್ಕೆಯ ನೆಲದ ಮೇಲೆ ತನ್ನ ಹೆಸರಿನ ಮೊದಲ ಪಾರ್ಸಿ ಅಕ್ಷರವನ್ನು ಹಾಕಿಸಿದ. ನಾಡಿನ ಜನರ ನಂಬಿಕೆ ಆ ಚಿತ್ರದ ಮೇಲಿತ್ತೆಂದು ತಿಳಿದ ದೊರೆಯ ವಿವೇಕ ಅದು. ಇದೆಲ್ಲ ನಿಮಗೆ ಗೊತ್ತಿರುವುದೇ. ಗಮನಿಸಬೇಕಾದದ್ದು, ಅಚ್ಚು ಬಿಲ್ಲೆಗಿಂತ ದೊಡ್ಡದು, ಸುತ್ತಿಗೆ ಮನುಷ್ಯನ ಕೈಯದು. ಹಾಗಾಗಿ ಒಂದು ವರಹದಲ್ಲಿ ತ್ರಿಶೂಲದ ತುದಿ ಅಂಚಿನಿಂದ ಆಚೆಗೆ ಹೋಗಿರುತ್ತದೆ, ಇನ್ನೊಂದರಲ್ಲಿ ಪಾರ್ವತಿಯ ಮೊಣಕಾಲು ಅರ್ಧವೇ ಬಿದ್ದಿರುತ್ತದೆ, ಮತ್ತೊಂದರಲ್ಲಿ ‘ಶ್ರೀ’ಯ ಮೇಲ್ಗೆರೆ ಇಲ್ಲ. ಇದರ ಮೇಲೆ ಶರಾಫನ ಗುರುತೂ ಬಿದ್ದಿದ್ದರೆ ಲೋಕದಲ್ಲಿ ಅದಕ್ಕೆ ಜೋಡಿ ಇಲ್ಲ. ಒಂದೇ ಎರಕದಿಂದ ಬಂದಂತೆ ಕಾಣುವ ಇಂದಿನ ಯಂತ್ರದ ನಾಣ್ಯಗಳಿಗೆ ಈ ಭಾಗ್ಯವಿಲ್ಲ.

ಗುರುತಿನ ಪ್ರಶ್ನೆ ಇತ್ಯರ್ಥವಾಗುವುದು ಠಾಣೆಯಲ್ಲೂ ನ್ಯಾಯಾಲಯದಲ್ಲೂ. ಕಳುವಾದದ್ದು ತಿಳಿದ ಕೂಡಲೇ ಕಸ ಗುಡಿಸದೆ, ಬೀರು ಮುಟ್ಟದೆ 112ಕ್ಕೆ ಕರೆ ಮಾಡಿ. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆಯಾಗಿ ಪಡೆಯುವುದು ನಿಮ್ಮ ಹಕ್ಕು. ಸ್ಥಳ ಮಹಜರಿನಲ್ಲಿ ಪೆಟ್ಟಿಗೆಯನ್ನೂ ಬರೆಸಿ, ಪೆಟ್ಟಿಗೆಯೇ ಮೊದಲು ಸಿಗುವುದುಂಟು. ಹೊಸ ನ್ಯಾಯ ಸಂಹಿತೆಯಲ್ಲಿ ವಾಸದ ಮನೆಯ ಕಳ್ಳತನಕ್ಕೆ 305ನೇ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಕದ್ದದ್ದೆಂದು ತಿಳಿದೂ ಕೊಂಡವನಿಗೆ 317ನೇ ಕಲಮು. ತಿಳಿಯದೆ ಕೊಂಡವನಿಗೂ ಮಾಲಿನ ಒಡೆತನ ಬರುವುದಿಲ್ಲ. ಮಾಲು ಸಿಕ್ಕರೆ ಮುದ್ದೆಮಾಲಾಗಿ ವರ್ಷಗಟ್ಟಲೆ ಕೊಠಡಿಯಲ್ಲಿ ಕೂರುತ್ತದೆಂಬ ನಿರಾಶೆ ಬೇಡ. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ: ಫೋಟೊ ತೆಗೆಸಿ, ಪಂಚನಾಮೆ ಮಾಡಿ, ಬಾಂಡ್ ಬರೆಸಿಕೊಂಡು ವಸ್ತುವನ್ನು ಬೇಗ ಒಡೆಯನಿಗೆ ಕೊಡಬೇಕು. ಒಡೆಯ ಯಾರೆಂದು ತೋರಿಸುವ ಹೊಣೆ ಮಾತ್ರ ನಮ್ಮದು. ಪತ್ತೆಯಾಗದೆ ‘ಸಿ’ ವರದಿ ಹಾಕಿದರೆ ವಿಮೆಯವರೂ ಅದೇ ಪಟ್ಟಿ ಕೇಳುತ್ತಾರೆ. ಪ್ರತ್ಯೇಕವಾಗಿ ನಮೂದಿಸಿ ಬೆಲೆ ಕಟ್ಟಿಸದಿದ್ದರೆ ಮನೆಯ ಸಾಧಾರಣ ವಿಮೆಯಲ್ಲಿ ನಾಣ್ಯಸಂಗ್ರಹ ಸೇರುವುದು ಅಪರೂಪ.

ಪಟ್ಟಿಯ ಮಹಿಮೆ ನೋಡಬೇಕೆಂದರೆ ನಮ್ಮ ಶಿಕಾರಿಪುರ ತಾಲ್ಲೂಕಿನ ಕಲ್ಲುಗಳನ್ನೇ ನೋಡಿ. ನಾಣ್ಯದ ಅಂಕಣದಲ್ಲಿ ಕಲ್ಲಿನ ಮಾತೇಕೆ ಎನ್ನಬೇಡಿ, ನನಗೆ ಈ ವಿಷಯ ಹೊಳೆದದ್ದೇ ಅಲ್ಲಿಂದ. ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೇ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳನ್ನು 1902ರಲ್ಲಿ ಪ್ರಕಟಿಸಿದರು, ಎಂಟನೆಯದರಲ್ಲಿ ಸೊರಬದವನ್ನು 1904ರಲ್ಲಿ. ಒಂದೊಂದು ಕಲ್ಲಿಗೂ ಒಂದು ಸಂಖ್ಯೆ, ಅದಿರುವ ಜಾಗ, ಅದರ ಪಾಠ. ಕುಬ್ಜ ಕವಿ ಬರೆದ ತಾಳಗುಂದದ ಸ್ತಂಭಶಾಸನ ಇಂದಿಗೂ ವಿದ್ವಾಂಸರ ನಾಲಗೆಯಲ್ಲಿ ‘ಶಿಕಾರಿಪುರ 176’. ಬಳ್ಳಿಗಾವೆಯ ಶಾಸನಗಳಲ್ಲಿ ಯಾವ ದೇವರಿಗೆ ಎಷ್ಟು ಗದ್ಯಾಣ, ಯಾವ ಸುಂಕದಲ್ಲಿ ಎಷ್ಟು ಪಣ, ಎಷ್ಟು ಹಾಗ, ಎಷ್ಟು ವೀಸ ಎಂದು ಕೊರೆದ ಲೆಕ್ಕ ಓದುವಾಗ ನನಗಾಗುವ ಸಂತೋಷ ದೊಡ್ಡ ಕಾವ್ಯ ಓದಿದರೂ ಆಗುವುದಿಲ್ಲ. ನಿಧಿಯಾಸೆಗೆ ವೀರಗಲ್ಲು ಕೀಳುವವರು, ಲಿಂಗದ ಬುಡ ಅಗೆಯುವವರು ನಮ್ಮ ಕಡೆ ಇಂದಿಗೂ ಇದ್ದಾರೆ. ಆದರೆ ರೈಸರ ಪಟ್ಟಿಗೆ ಸೇರಿದ ಕಲ್ಲು ಒಡೆದುಹೋದರೂ ಅದರ ಮಾತು ಹೋಗುವುದಿಲ್ಲ, ಕದ್ದೊಯ್ದರೆ ಎಲ್ಲಿ ಸಿಕ್ಕರೂ ಇದು ಇಂಥ ಊರಿನದೆಂದು ಹೇಳಬಹುದು. ಪಟ್ಟಿಗೆ ಸೇರದ ಕಲ್ಲು ಹೋದರೆ ಹೋದದ್ದೇ ಗೊತ್ತಾಗುವುದಿಲ್ಲ.

ರೈಸರಿಗೂ ಹಿಂದಿನ ವಾಲ್ಟರ್ ಎಲಿಯಟ್ ನನ್ನ ಪಾಲಿನ ಗುರು. 1824ರ ಕಿತ್ತೂರಿನ ಯುದ್ಧದಲ್ಲಿ ಸೆರೆಸಿಕ್ಕು ಬಿಡುಗಡೆಯಾದ ಈ ಸ್ಕಾಟಿಷ್ ಅಧಿಕಾರಿ ಮುಂದೆ ಧಾರವಾಡದ ಕಡೆ ಇದ್ದುಕೊಂಡು 595 ಶಾಸನಗಳ ನಕಲು ಮಾಡಿಸಿದ. ದಕ್ಷಿಣ ಭಾರತದ ನಾಣ್ಯಗಳ ಬಗೆಗಿನ ಅವನ ಪುಸ್ತಕ ಹೊರಬಂದದ್ದು 1880ರ ದಶಕದಲ್ಲಿ, ಅವನು ಸಾಯುವುದಕ್ಕೆ ಸ್ವಲ್ಪವೇ ಮೊದಲು. ಆ ಹೊತ್ತಿಗೆ ಅವನ ಕಣ್ಣು ಬಹುಮಟ್ಟಿಗೆ ಹೋಗಿತ್ತು, ಬೇರೆಯವರ ಕೈಯಿಂದ ಬರೆಸಿದ. ದೃಷ್ಟಿ ಇಲ್ಲದ ಮುದುಕ ಮಾಡಿದ ಕೆಲಸವನ್ನು ಕಣ್ಣಿದ್ದು, ಕೈಯಲ್ಲಿ ಕ್ಯಾಮೆರಾ ಫೋನಿದ್ದು ನಾವು ಮಾಡದಿದ್ದರೆ ಯಾವ ಕಾರಣ ಹೇಳೋಣ?

ಕೆಲಸ ದೊಡ್ಡದಲ್ಲ. ಅಮೆರಿಕದ ಗೆಟ್ಟಿ ಸಂಸ್ಥೆಯವರು 1997ರಲ್ಲಿ ವಸ್ತುವಿನ ವಿವರ ಬರೆದಿಡಲು ಲೋಕಕ್ಕೆಲ್ಲ ಒಪ್ಪುವ ಒಂದು ನಮೂನೆ ಮಾಡಿಕೊಟ್ಟಿದ್ದಾರೆ, ಪೊಲೀಸರೂ ಮ್ಯೂಸಿಯಮ್ಮುಗಳೂ ಅದನ್ನೇ ಬಳಸುತ್ತಾರೆ. ನಾಣ್ಯಕ್ಕೆ ಹೊಂದುವಂತೆ ನಾನು ಇಟ್ಟುಕೊಂಡ ಕ್ರಮ ಇದು. ಎರಡೂ ಮಗ್ಗುಲಿನ ಫೋಟೊ, ಬೆಳಗಿನ ಓರೆ ಬಿಸಿಲಿನಲ್ಲಿ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು. ತೂಕ, ಗ್ರಾಮಿನ ನೂರನೇ ಭಾಗದವರೆಗೆ. ಅಡ್ಡಗಲ, ಮಿಲಿಮೀಟರಿನಲ್ಲಿ. ಯಾರಿಂದ, ಯಾವಾಗ ಬಂತು. ಕೊನೆಗೆ ಗುರುತುಗಳು: ನಾಣ್ಯವನ್ನು ಗಡಿಯಾರದ ಮುಖವೆಂದುಕೊಂಡು, ಶರಾಫನ ಚುಕ್ಕೆ 4 ಗಂಟೆಯ ಜಾಗದಲ್ಲಿ, ಅಂಚಿನ ಸೀಳು 11ರಲ್ಲಿ ಎಂದು ಬರೆಯುವುದು. ಪಟ್ಟಿಯ ಒಂದು ಪ್ರತಿ ಮನೆಯಲ್ಲಿ ಬೇಡ, ನಂಬಿಕಸ್ತರ ಕಡೆಯೋ ಬ್ಯಾಂಕ್ ಲಾಕರಿನಲ್ಲೋ ಇರಲಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಬುದ್ಧಿ ನಮ್ಮದಾಗುವುದು ಬೇಡ.

ಶಿಕಾರಿಪುರದ ಓದುಗರಲ್ಲಿ ಒಂದು ಮಾತು. ನೂರನೇ ಭಾಗದವರೆಗೆ ತೂಗುವ ತಕ್ಕಡಿ ನನ್ನಲ್ಲಿದೆ, ಭಾನುವಾರ ಬೆಳಿಗ್ಗೆ ನಾನು ಮನೆಯಲ್ಲೇ ಇರುತ್ತೇನೆ. ಪೆಟ್ಟಿಗೆ ಹೊತ್ತು ತರಬೇಡಿ, ಒಂದು ಸಾರಿಗೆ ಒಂದೋ ಎರಡೋ ನಾಣ್ಯ ತನ್ನಿ, ಜೊತೆಗೊಂದು ನೋಟ್‌ಬುಕ್ ಇರಲಿ. ತೂಗಿ, ಫೋಟೊ ತೆಗೆದು, ಗುರುತು ಬರೆದು ಕೊಡುತ್ತೇನೆ.