‘ಆಮ್ಲಜನಕ’ವೂ ‘ಆಮ್ಲತೆ’ಯೂ: ಶಿಶುವೈದ್ಯ ಪರಿಭಾಷೆಯ ಒಂದು ವಿಮರ್ಶೆ

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದೂ, ಕ್ರಿ. ಶ. 850ರ ಸುಮಾರಿನ ಕವಿರಾಜಮಾರ್ಗವು ಆ ಆಸ್ಥಾನದಲ್ಲಿ ಹುಟ್ಟಿತೆಂಬುದೂ ವಾಚಕರಿಗೆ ವಿದಿತವೇ ಇದೆ. ಕನ್ನಡ ಸಂಸ್ಕೃತ ಶಬ್ದಗಳನ್ನು ಹೊಂದಿಕೆಯರಿಯದೆ ಬೆಸೆಯುವುದನ್ನು ಆ ಗ್ರಂಥವು ದೋಷವೆಂದೆಣಿಸಿತು. ಅದೇ ಸೀಮೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಇಂದು ದಿನ ತುಂಬದೆ ಹುಟ್ಟಿದ ಕೂಸಿನ ರಕ್ತ ಕೆಟ್ಟರೆ, ಅದರ ತಾಯಿಗೆ ವೈದ್ಯನು ಏನೆಂದು ಹೇಳಬೇಕು? ‘ಚಯಾಪಚಯದ ಆಮ್ಲತೆ’, ‘ಅಂಗಾಂಶಗಳ ಆಮ್ಲಜನಕೀಕರಣ’ ಎಂಬುವು ನಮ್ಮ ಪಾರಿಭಾಷಿಕರು ಕೊಟ್ಟಿರುವ ಶಬ್ದಗಳು. ಇವುಗಳಲ್ಲಿ ಸಮಾಸದೋಷವಿಲ್ಲ, ಅರ್ಥದೋಷವುಂಟು.

ಮೊದಲನೆಯದು ‘ಆಮ್ಲಜನಕ’. ಈ ಅನಿಲವೇ ಎಲ್ಲ ಆಮ್ಲಗಳ ಮೂಲವೆಂದು ಭ್ರಮಿಸಿ 1777ರಲ್ಲಿ ಲವಾಸಿಯೆಯು ಇಟ್ಟ ಗ್ರೀಕ್ ಹೆಸರಿನ ಭಾಷಾಂತರವಿದು. ಉಪ್ಪಿನ ಆಮ್ಲದಲ್ಲಿ ಅದರ ಲೇಶವೂ ಇಲ್ಲವೆಂದು 1810ರಲ್ಲಿ ಡೇವಿಯು ತೋರಿಸಿದನು. ತಪ್ಪು ಅಳಿಯಿತು, ಹೆಸರು ಉಳಿಯಿತು. ಶಿಶುವಿನ ಮೈಯಲ್ಲಾದರೋ ನಡೆಯುವುದು ತೀರ ವಿಪರೀತ: ಆ ಅನಿಲವು ಸಾಲದಾದಾಗ ಜೀವಕೋಶಗಳು ಸಕ್ಕರೆಯನ್ನು ಅರ್ಧಕ್ಕೇ ಮುರಿಯುತ್ತವೆ, ಲ್ಯಾಕ್ಟಿಕ್ ಆಮ್ಲವು ಶೇಖರವಾಗುತ್ತದೆ. ಆಮ್ಲಜನಕವಿಲ್ಲದುದರಿಂದಲೇ ಆಮ್ಲಜನನ! ಇದನ್ನು ತರಗತಿಯಲ್ಲಿ ಹೇಳುವ ಅಧ್ಯಾಪಕನ ಪಾಡು ಊಹ್ಯ.

‘ಆಮ್ಲತೆ’ಯ ಗತಿ ಇನ್ನೂ ಕಷ್ಟದ್ದು. ಜನರ ಬಾಯಲ್ಲಿ ಅದು ಎದೆಯುರಿ, ಹುಳಿತೇಗು. ರಸಾಯನದೃಷ್ಟಿಯಿಂದಲೂ ಅದು ಸರಿಯಲ್ಲ. ಕಾಯಿಲೆಯ ರಕ್ತದ ಪಿಎಚ್ 7.2ಕ್ಕೆ ಇಳಿದರೂ ಅದು 7ರ ಮೇಲೆಯೇ ಇದೆ, ಎಂದರೆ ಕ್ಷಾರದ ಪಕ್ಕದಲ್ಲಿಯೇ ಇದೆ. ರಕ್ತವು ಆಮ್ಲವಾಗಿಲ್ಲ, ಆಮ್ಲದ ಕಡೆಗೆ ವಾಲಿದೆ. ‘ಆಮ್ಲಾಭಿಮುಖತೆ’ ಎಂದರೆ ಉದ್ದವಾಯಿತಾದರೂ ನಿಜವಾಗುತ್ತದೆ.

ಇದು ಬರಿಯ ಶಬ್ದಜಗಳವಲ್ಲ. ‘ಆಮ್ಲ’ವೆಂದೊಡನೆ ಪ್ರತಿಯಾಗಿ ‘ಕ್ಷಾರ’ವು ತಾನಾಗಿ ನೆನಪಿಗೆ ಬರುತ್ತದೆ. 1963ರಲ್ಲಿ ಮಾಂಟ್ರಿಯಲ್ಲಿನ ಅಶರ್ ಎಂಬ ವೈದ್ಯನು, ಉಸಿರಾಟ ಕಷ್ಟವಾದ ಅಕಾಲಜಾತ ಶಿಶುಗಳಿಗೆ ಗ್ಲೂಕೋಸನ್ನೂ ಸೋಡಿಯಂ ಬೈಕಾರ್ಬೊನೇಟನ್ನೂ ರಕ್ತನಾಳದಲ್ಲಿ ಕೊಟ್ಟು ಮರಣವು ಕಡಮೆಯಾಯಿತೆಂದು ಪ್ರಕಟಿಸಿದ ಮೇಲೆ ಈ ಚಿಕಿತ್ಸೆಯು ಬಹುಕಾಲ ರೂಢಿಯಲ್ಲಿತ್ತು. ಆದರೆ ಬೈಕಾರ್ಬೊನೇಟು ಆಮ್ಲವನ್ನು ನುಂಗಿ ಇಂಗಾಲದ ಡೈಆಕ್ಸೈಡನ್ನು ಉಗುಳುತ್ತದೆ. ಅದನ್ನು ಹೊರಹಾಕಬೇಕಾದ ಎಳೆಯ ಶ್ವಾಸಕೋಶವೇ ದುರ್ಬಲ. ಉಳಿದ ಅನಿಲವು ಕೋಶದೊಳಕ್ಕೆ ನುಗ್ಗಿ ಅಲ್ಲಿನ ಆಮ್ಲವನ್ನು ಹೆಚ್ಚಿಸುತ್ತದೆ. ದ್ರಾವಣವು ಗಾಢವಾಗಿದ್ದು ಬೇಗ ಹರಿದರೆ ಮೆದುಳಿನಲ್ಲಿ ರಕ್ತಸ್ರಾವದ ಭಯವೂ ಇದೆ. ಕಾಗದದ ಮೇಲಿನ ಅಂಕಿ ಸುಧಾರಿಸಿತು, ಕೂಸಿನ ಕಾರಣವು ಹಾಗೆಯೇ ಉಳಿಯಿತು. ಅಕಾಲಜಾತ ಶಿಶುವಿನ ಮೂತ್ರಪಿಂಡವು ಕ್ಷಾರವನ್ನು ಹಿಡಿದಿಡಲಾರದೆ ಸೋರಿಸುವುದು ಬೇರೆಯೇ ವಿಷಯ. ಅಲ್ಲಿ ಕಳೆದುದನ್ನು ಮೆಲ್ಲಗೆ ತುಂಬಿಕೊಡುವುದು ನ್ಯಾಯ. ಈ ಎರಡಕ್ಕೂ ನಮ್ಮಲ್ಲಿ ಒಂದೇ ಹೆಸರಿರುವುದು ಶೋಚನೀಯ.

‘ಆಮ್ಲಜನಕದ ಮಟ್ಟ’ವೆಂಬ ಮಾತೂ ಹೀಗೆಯೇ ಕಲಸಿಹೋಗಿದೆ. ಕಾಲಿಗೆ ಕಟ್ಟುವ ಪಲ್ಸ್ ಆಕ್ಸಿಮೀಟರು ಅಪಧಮನಿಯ ರಕ್ತದ ಹೊರೆಯನ್ನು ಹೇಳುತ್ತದೆಯೇ ಹೊರತು ಅಂಗಾಂಶಕ್ಕೆ ಮುಟ್ಟಿತೇ ಎಂಬುದನ್ನಲ್ಲ. ಬಂಡಿಯಲ್ಲಿ ಜೋಳ ತುಂಬಿದ್ದರೆ ಮನೆಯಲ್ಲಿ ರೊಟ್ಟಿ ಬೆಂದಿತೆನ್ನಲಾದೀತೆ? ಅಂಗಾಂಶವನ್ನೇ ನೋಡಲು ಅವಕೆಂಪು ಸಮೀಪದ ಬೆಳಕನ್ನು ಬಳಸುವ ಮಾರ್ಗವನ್ನು 1977ರಲ್ಲಿ ಯಬ್ಸಿಸ್‌ನು ತೋರಿಸಿದನು. ಆದರೆ 1,601 ಅತ್ಯಂತ ಅಕಾಲಜಾತ ಶಿಶುಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೆದುಳನ್ನು ಹಾಗೆ ಕಾಯ್ದು ಚಿಕಿತ್ಸೆ ನಡೆಸಿದುದರಿಂದ ಮರಣವಾಗಲಿ ತೀವ್ರ ಮೆದುಳಿನ ಹಾನಿಯಾಗಲಿ ತಗ್ಗಲಿಲ್ಲ. ಅಳತೆಯು ಔಷಧವಲ್ಲ. ಅನಿಲವನ್ನು ಮಿತಿಮೀರಿ ಕೊಟ್ಟರೆ ಕಣ್ಣು ಹೋಗುವುದನ್ನು ಮೆಲ್ಬರ್ನಿನ ಕೇಟ್ ಕ್ಯಾಂಬೆಲ್ 1951ರಲ್ಲಿಯೇ ಸೂಚಿಸಿದ್ದಳು.

ನಮ್ಮಲ್ಲಿ ಶಿಶುವೈದ್ಯದ ಮಾತು ಹೊಸದಲ್ಲ. ಸುಮಾರು 1200ರ ದೇವೇಂದ್ರಮುನಿಯು ಕನ್ನಡದಲ್ಲಿ ‘ಬಾಲಗ್ರಹಚಿಕಿತ್ಸೆ’ಯನ್ನು ಬರೆದನು. ಗ್ರಹವೆಂದರೆ ಹಿಡಿಯುವುದು. ಆ ಕಾರಣವನ್ನು ಇಂದು ನಾವು ಒಪ್ಪೆವು. ಆದರೂ ಕಾರಣವನ್ನು ಹೆಸರಿನಲ್ಲಿಯೇ ಇಟ್ಟ ಆ ಕ್ರಮವು ಮೆಚ್ಚತಕ್ಕದ್ದು. ಅದರಂತೆ ‘ಉಸಿರಭಾವದ ಆಮ್ಲಾಭಿಮುಖತೆ’, ‘ಕ್ಷಾರನಷ್ಟದ ಆಮ್ಲಾಭಿಮುಖತೆ’ ಎಂದು ಎರಡು ಹೆಸರುಗಳನ್ನು ಪಠ್ಯಗಳಲ್ಲಿ ಬಳಸಬಹುದೆಂದು ನಮ್ಮ ಸೂಚನೆ. ಮೊದಲನೆಯದರಲ್ಲಿ ಕನ್ನಡ ಸಂಸ್ಕೃತಗಳನ್ನು ಬೆಸೆದೆವೆಂದು ಮಳಖೇಡದವರು ಆಕ್ಷೇಪಿಸಿದರೆ ಒಪ್ಪಿಕೊಳ್ಳುವೆವು. ಚಿಂಚೋಳಿಯ ತಾಯಿಗಾದರೆ ಇಷ್ಟೂ ಬೇಡ: ‘ಕೂಸಿನ ಮೈಗೆ ಉಸಿರು ಸಾಲುತ್ತಿಲ್ಲವಮ್ಮ, ಅದರಿಂದ ರಕ್ತ ಕೆಟ್ಟಿದೆ’ ಎಂದರೆ ಸಾಕು.